ಸಲಹೆಗಾರರ ಹೆಸರಿನ ಹಲ್ವಾ ತಿನ್ನದಿರುವ ಬಗ್ಗೆ

ಹೊರದೇಶ ಸಲಹಾ ಸೇವೆಗಳ ಇಲಾಖೆ, ಪ್ರಾಂತೀಯ ಕಚೇರಿ
ಸಂಖ್ಯೆ: ಹೊಸಸೇ/ಮುಕ್ತ/೪೧೭/ಹಲ್ವಾ
ದಿನಾಂಕ: ಮೆಹ್ರ್ ತಿಂಗಳ ೧೯

ವಿಷಯ: ನೆರೆದೇಶದ ಯುದ್ಧದಲ್ಲಿ ನಮ್ಮ ಸೇನಾ ಸಲಹೆಗಾರರ ಪಾತ್ರವನ್ನು ಸಾರ್ವಜನಿಕರಿಗೆ ಮುಚ್ಚುಮರೆಯಿಲ್ಲದೆ ತಿಳಿಸುವ ಕುರಿತು.

ಉಲ್ಲೇಖ: (೧) ಮಾನ್ಯ ವಕ್ತಾರರ ಹೇಳಿಕೆ: "ಸಲಹೆಗಾರರು ಇದ್ದಾರೆ, ಸಲಹೆ ಕೊಡುತ್ತಾರೆ, ಮುಚ್ಚಿಡುವಂಥದ್ದೇನೂ ಇಲ್ಲ."
(೨) ಕಳೆದ ಗುರುವಾರ ೩ನೇ ಕೌಂಟರಿನಲ್ಲಿ ಖಾಲಿಯಾದ ತಟ್ಟೆ.

೧. ಸಲಹೆಗಾರ ಮೆಯ್ಸಮ್ ಅವರ ತಾಯಿ ಶ್ರೀಮತಿ ತೂಬಾ ಖಾನಂ ಅವರು ಏಳು ವಾರಗಳಿಂದ ಪ್ರತಿ ಗುರುವಾರ ಹಲ್ವಾ ಹಾಗೂ ಒಂದು ಬಾಟಲಿ ಗುಲಾಬಿ ನೀರಿನೊಂದಿಗೆ ಹಾಜರಾಗುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಸದರಿ ಹಲ್ವಾ ತಿಂದವರು ಸತ್ತವರಿಗಾಗಿ ಫಾತಿಹಾ ಓದುವುದು ರೂಢಿ. ಸಲಹೆಗಾರರು ಸಲಹೆಯನ್ನಷ್ಟೇ ಕೊಡುವುದರಿಂದ ಸಾಯುವುದಿಲ್ಲ. ಆದ್ದರಿಂದ ಹಲ್ವಾ ತಿನ್ನುವುದು ಸರ್ಕಾರದ ನಿಲುವಿಗೆ ವಿರುದ್ಧವಾಗಿದ್ದು, ಈ ಮೂಲಕ ನಿಷೇಧಿಸಲಾಗಿದೆ.

೨. ಕೇಸರಿಯ ಪರಿಮಳ ಮೂಗಿಗೆ ಬಿದ್ದಲ್ಲಿ ಅದನ್ನು ಅನಧಿಕೃತವೆಂದು ಭಾವಿಸತಕ್ಕದ್ದು. ಬಾಯಲ್ಲಿ ನೀರೂರಿದವರು ಅದೇ ದಿನ ಲಿಖಿತ ವಿವರಣೆ ಸಲ್ಲಿಸತಕ್ಕದ್ದು.

೩. ಟ್ಯಾಂಕಿನೊಳಗಿಂದ ಕೊಟ್ಟದ್ದನ್ನು 'ಗಟ್ಟಿ ದನಿಯ ಸಲಹೆ' ಎಂದೂ, ಸಲಹೆಗಾರರ ಎದೆಗೆ ಬಿದ್ದ ಗುಂಡನ್ನು 'ಭಿನ್ನಾಭಿಪ್ರಾಯ' ಎಂದೂ ಯಾವ ಸಂಕೋಚವೂ ಇಲ್ಲದೆ ತಿಳಿಸತಕ್ಕದ್ದು.

೪. ಅರ್ಜಿದಾರರ ಮೌಖಿಕ ಹೇಳಿಕೆ ಯಥಾವತ್ತಾಗಿ: "ಸಲಹೆ ಕೊಟ್ಟವನಿಗೆ ಯಾರಾದ್ರೂ ಗುಂಡು ಹೊಡೀತಾರೇನಪ್ಪಾ? ಅಂಥಾ ಏನು ಸಲಹೆ ಕೊಟ್ಬಿಟ್ಟ ನನ್ನ ಮಗ? ಜೊತೆಗಿದ್ದವನು ಕಣ್ಣಾರೆ ಕಂಡು ಬಂದು ಹೇಳಿದಾನೆ, ನನ್ನ ಹತ್ರ ನಾಟಕ ಬೇಡ. ಎಲ್ಲಿ ಮಲಗಿಸಿದೀರಿ? ಗೋರಿ ತೊಳೆದು ಈ ಗುಲಾಬಿ ನೀರು ಸುರೀಬೇಕು, ಅಷ್ಟೇ." ಇದರಲ್ಲಿ ಮೂರು ಪ್ರಶ್ನೆಗಳಿದ್ದು, ನಮೂನೆಯಲ್ಲಿ ಒಂದಕ್ಕೆ ಮಾತ್ರ ಜಾಗವಿರುವುದರಿಂದ ಯಾವುದಕ್ಕೂ ಉತ್ತರಿಸಲಾಗಿರುವುದಿಲ್ಲ.

೫. ೩ನೇ ಕೌಂಟರಿನ ಗುಮಾಸ್ತ ಯದಾಲ್ಲಾ ಅವರು "ಕೂತ್ಕೊಳ್ಳಿ ತಾಯಿ, ಕೊಡಿ, ತಿಂತೀನಿ" ಎಂದು ಎರಡು ಚಮಚ ತಿಂದು ತುಟಿ ಅಲುಗಿಸಿ ಕಣ್ಣೊರೆಸಿಕೊಂಡಿರುತ್ತಾರೆ. ಕಾರಣ ಕೇಳಲಾಗಿ, "ಹಲ್ವಾ ಸುಡ್ತಿತ್ತು ಸಾಹೇಬ್ರೇ" ಎಂದಿರುತ್ತಾರೆ. ಹಲ್ವಾ ಆರಿತ್ತೆಂದು, ಅದೇ ತಟ್ಟೆಯಿಂದ ತಿಂದ ಅಧೀಕ್ಷಕರು ದೃಢಪಡಿಸಿರುವುದರಿಂದ ವಿವರಣೆಯನ್ನು ತಿರಸ್ಕರಿಸಲಾಗಿದೆ.

೬. ಸಲಹೆಗಾರರ ಗೋರಿ ಎಂಬುದು ಇಲಾಖೆಯ ಯಾವುದೇ ಕಡತದಲ್ಲಿ ಇರುವುದಿಲ್ಲ. ಇಲ್ಲದ್ದನ್ನು ಮುಚ್ಚಿಡಲು ಬಾರದಾದ್ದರಿಂದ ಇಲಾಖೆಯು ಸಂಪೂರ್ಣ ಮುಕ್ತವಾಗಿದೆ.

(ಸಹಿ)
ನಿರ್ದೇಶಕರು
ಓದಿ ನೋಡದೆ ಅನುಮೋದಿಸಲಾಗಿದೆ
ಬೆರಳಚ್ಚು: ಯದಾಲ್ಲಾ

ಪ್ರತಿಗಳು (ಹೆಸರಿಸಲಾದ ಎಲ್ಲರಿಗೂ, ಈಗಿರುವ ವಿಳಾಸಕ್ಕೆ):
೧. ಮಾನ್ಯ ವಕ್ತಾರರು: ಮಾಹಿತಿಗಾಗಿ.
೨. ಶ್ರೀ ಯದಾಲ್ಲಾ, ಕೌಂಟರ್ ೩: ಹಸಿವಾದಾಗ ಓದಿಕೊಳ್ಳಲು.
೩. ಸಲಹೆಗಾರ ಶ್ರೀ ಮೆಯ್ಸಮ್: ಊರಾಚೆಯ ಹಳೇ ಖಬರಸ್ತಾನ, ಪಿಸ್ತಾ ತೋಟದ ಗೋಡೆ ಪಕ್ಕ, ಒಂಬತ್ತನೇ ಸಾಲು, ಎಡದಿಂದ ನಾಲ್ಕನೆಯದು, ಹೆಸರಿಲ್ಲದ ಕಲ್ಲು.
೪. ಶ್ರೀಮತಿ ತೂಬಾ ಖಾನಂ: ಗುರುವಾರದೊಳಗೆ ಖುದ್ದಾಗಿ ತಲುಪಿಸುವುದು.