ಟಬ್ಬಿನ ಕೆಳಗಿನ ನಾಗರಿಕತೆ

ಆ ದಿನವೂ ನಾನು ಎಂದಿನಂತೆ ಐದೂವರೆಗೆ ಎದ್ದೆ. ಉಳಿದಿದ್ದ ನೀರಿನಲ್ಲಿ ಅರ್ಧ ಚೊಂಬನ್ನು ಬಾಗಿಲಿಗೆ ತೀರ್ಥದ ಹಾಗೆ ಚಿಮುಕಿಸಿ, ಅಂಗೈಯಗಲದ ರಂಗೋಲಿ ಎಳೆದೆ. ಡಿಕಾಕ್ಷನ್ ಇಳಿಯಲು ಇಟ್ಟು, ಅದು ತೊಟ್ಟಿಕ್ಕುವ ಸದ್ದಿನ ನಡುವೆ ಇನ್ನೊಂದು ಸದ್ದಿಗಾಗಿ ಕಿವಿಗೊಟ್ಟು ನಿಂತೆ. ಚಿನ್ನದ ಗಣಿಯೂರಾದ ಉರಿಗಾಂನ ನಮ್ಮ ಸಾಲುಮನೆಗಳ ಹೆಂಗಸರಿಗೆಲ್ಲ ಈ ಅಭ್ಯಾಸವಿದೆ. ಬೇತಮಂಗಲದ ಕೆರೆಯಿಂದ ಹೊರಟ ನೀರು ತಾನು ಬರುವ ಮೊದಲು ಗಾಳಿಯನ್ನು ಕಳಿಸಿಕೊಡುತ್ತದೆ. ನಲ್ಲಿ ಮೊದಲು ಕೆಮ್ಮುತ್ತದೆ, ಆಮೇಲೆ ನಿಟ್ಟುಸಿರು ಬಿಡುತ್ತದೆ, ಆಮೇಲೆ ಮನಸ್ಸಿದ್ದರೆ ಕಣ್ಣೀರು ಹಾಕುತ್ತದೆ. ಎಂಟು ದಿನಗಳ ನಂತರ ಆ ಬೆಳಿಗ್ಗೆ ನಲ್ಲಿ ಕೆಮ್ಮಿತು.

ಬೇರೆ ದಿನವಾಗಿದ್ದರೆ ಸಂತೋಷಪಡುತ್ತಿದ್ದೆ. ಆದರೆ ಅಂದು ಮಧ್ಯಾಹ್ನ ನಾಲ್ಕಕ್ಕೆ ನಮ್ಮ ಮಹಿಳಾ ಸಂಘದಲ್ಲಿ ನನ್ನ ಭಾಷಣವಿತ್ತು. ವಿಷಯ: ಜಗತ್ತಿನ ನಾಗರಿಕತೆಗಳು ನಮಗೆ ಕೊಟ್ಟ ಆವಿಷ್ಕಾರಗಳು. ಕಾನ್ವೆಂಟಿನಲ್ಲಿ ಓದಿದವರು ಯಾವ ವಿಷಯದ ಮೇಲಾದರೂ ಮಾತನಾಡಬಲ್ಲರು ಎಂಬುದು ಸಂಘದ ಅಧ್ಯಕ್ಷೆಯ ನಂಬಿಕೆ. ನಿಜ ಹೇಳಬೇಕೆಂದರೆ ಕಾನ್ವೆಂಟು ನನಗೆ ಕಲಿಸಿದ್ದು ಮೂರೇ: ಉಗುರು ಕತ್ತರಿಸಿಕೊಳ್ಳುವುದು, ಸುಮ್ಮನಿರುವುದು, ತಪ್ಪು ಮಾಡಿದರೆ ಯಾರೂ ಕೇಳುವ ಮೊದಲೇ ಎದ್ದು ನಿಂತು ಹೇಳುವುದು. ಮೊದಲನೆಯದು ಇಂದಿಗೂ ತಪ್ಪಿಲ್ಲ. ಎರಡನೆಯದು ಸಂಸಾರಕ್ಕೆ ಒದಗಿ ಬಂತು. ಮೂರನೆಯದರ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ಅದಕ್ಕೆ ಮೊದಲು ಟಬ್ಬಿನ ವಿಚಾರ ಹೇಳಬೇಕು. ನಮ್ಮ ಹಿತ್ತಲಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಟಬ್ಬು ಸದಾ ಬೋರಲಾಗಿ ಮಲಗಿರುತ್ತದೆ. ಅದರ ಮೇಲೊಂದು ಹಳೆಯ ಕೌದಿ, ಕೆಳಗೊಂದು ಪುಟ್ಟ ಮೋಟಾರು. ನಗರಸಭೆಯ ಪೈಪಿಗೆ ನೇರವಾಗಿ ಮೋಟಾರು ಹಾಕಿ ನೀರೆಳೆಯಬಾರದೆಂಬ ನಿಯಮ ಎಲ್ಲರಿಗೂ ಗೊತ್ತಿದೆ. ಆದ್ದರಿಂದಲೇ ಎಲ್ಲರೂ ಟಬ್ಬು ಮುಚ್ಚುತ್ತಾರೆ. ನಮ್ಮ ಮೋಟಾರನ್ನು ನನ್ನ ಯಜಮಾನರು ಬಂಗಾರಪೇಟೆಯಿಂದ ಸ್ಕೂಟರಿನ ಮುಂದಿಟ್ಟುಕೊಂಡು, ಮೇಲೆ ಎರಡು ಕಂತೆ ದಂಟಿನ ಸೊಪ್ಪು ಮುಚ್ಚಿಕೊಂಡು ತಂದರು. ಅವರು ಬಂಗಾರಪೇಟೆ ಪಕ್ಕದ ಹಳ್ಳಿಯ ಬೇಸಾಯಗಾರರ ಮನೆಯವರು. ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ. ನಾನು ಅಂದು ಸ್ವಲ್ಪ ಹಿಂಜರಿದಾಗ, "ಬೀದಿಲಿ ಎಲ್ರೂ ಆಕವ್ರೆ ಕಣೇ. ನಾವೊಬ್ರು ಆಕ್ದೆ ಇದ್ರೆ ಏನ್ ಮೆಡಲ್ ಕೊಡ್ತಾರಾ?" ಎಂದಿದ್ದರು. ಮೆಡಲ್ ಕೊಡುವುದಿಲ್ಲವೆಂದು ನನಗೂ ಗೊತ್ತಿತ್ತು.

ಮೋಟಾರಿಗೆ ಇರುವ ಒಂದೇ ದೋಷವೆಂದರೆ ಅದು ಸುಮ್ಮನಿರುವುದಿಲ್ಲ. ಅದು ಕಾನ್ವೆಂಟಿನಲ್ಲಿ ಓದಿಲ್ಲ. ಅದರ ಸದ್ದಡಗಿಸಲು ನಮ್ಮ ಬೀದಿ ಒಂದು ಉಪಾಯ ಕಂಡುಕೊಂಡಿದೆ. ನೀರು ಬಂದ ಬೆಳಿಗ್ಗೆ ಇಲ್ಲಿ ಭಕ್ತಿ ಉಕ್ಕಿ ಹರಿಯುತ್ತದೆ. ಎಡಗಡೆ ಮನೆಯಲ್ಲಿ ಸುಪ್ರಭಾತ, ಬಲಗಡೆ ಮುರುಗನ ಹಾಡು, ಎದುರಿನಲ್ಲಿ ಏಸುವಿನ ಸ್ತೋತ್ರ, ಮೂಲೆಮನೆಯಲ್ಲಿ ತೆಲುಗಿನ ಅಯ್ಯಪ್ಪ ಭಜನೆ; ಎಲ್ಲವೂ ಪೂರ್ತಿ ದನಿಯಲ್ಲಿ. ಹೊಸಬರು ಯಾರಾದರೂ ಆ ಹೊತ್ತಿಗೆ ಬೀದಿಯಲ್ಲಿ ಹಾದು ಹೋದರೆ, ಇಷ್ಟು ದೈವಭಕ್ತರಿರುವ ಊರಿಗೆ ನೀರಿನ ಕಷ್ಟ ಹೇಗೆ ಬಂತೆಂದು ಆಶ್ಚರ್ಯಪಡಬೇಕು. ಅಂದು ಯಜಮಾನರು ಮೊದಲ ಶಿಫ್ಟಿಗೆ ಹೊರಟ ಮೇಲೆ ನಾನೂ ಸ್ವಿಚ್ಚು ಒತ್ತಿ, ದೇವರ ಮುಂದೆ ಮೊಬೈಲಿಟ್ಟು ಲಲಿತಾ ಸಹಸ್ರನಾಮ ಹಾಕಿದೆ. ಅದು ಉದ್ದವಿದೆ; ತೊಟ್ಟಿ ತುಂಬುವವರೆಗೂ ಬರುತ್ತದೆ.

ತೊಟ್ಟಿ ತುಂಬುತ್ತಿರಲಿ ಎಂದು ಭಾಷಣದ ಹಾಳೆ ಹಿಡಿದು ಕೂತೆ. ಚಕ್ರ, ಕಾಗದ, ದಿಕ್ಸೂಚಿ, ಸೊನ್ನೆ ಎಲ್ಲವನ್ನೂ ಬರೆದುಕೊಂಡಿದ್ದೆ. ಓದುತ್ತಾ ಹೋದಂತೆ ನನಗೆ ಒಂದು ವಿಷಯ ಹೊಳೆಯಿತು. ಚೀನಾದವರು ಕಾಗದ ಕೊಟ್ಟರು, ನಮ್ಮವರು ಸೊನ್ನೆ ಕೊಟ್ಟರು ಎನ್ನುತ್ತೇವೆ. ಮಡಕೆಯನ್ನು ಯಾರು ಕೊಟ್ಟರೆಂದು ಯಾರೂ ಕೇಳುವುದಿಲ್ಲ. ದೂರದ ಹೊಳೆಯಿಂದ ಬೊಗಸೆಯಲ್ಲಿ ನೀರು ತಂದು, ಮನೆ ಮುಟ್ಟುವಷ್ಟರಲ್ಲಿ ಬರಿಗೈಯಾದ ಯಾವಳೋ ಒಬ್ಬಳು ಸಿಟ್ಟಿಗೆದ್ದು ಮಣ್ಣು ಕಲಸಿರಬೇಕು. ಅವಳ ಹೆಸರು ಉಳಿದಿಲ್ಲ. ಅವಳು ನಮ್ಮ ಬೀದಿಯವಳಂತಿದ್ದರೆ ಹೆಸರು ಹೇಳಿಕೊಳ್ಳುವಷ್ಟು ಪುರುಸೊತ್ತೂ ಇದ್ದಿರಲಾರದು.

ಇನ್ನೊಂದನ್ನು ಯಜಮಾನರ ಮಾತು ಕೇಳಿ ಸೇರಿಸಿಕೊಂಡಿದ್ದೆ. ಅದು ಏತ. ಅವರ ತಾತನ ಕಾಲದಲ್ಲಿ ಬಾವಿಯ ಮೇಲೆ ಉದ್ದನೆಯ ಮರದ ತೊಲೆ. ಅದರ ಮೇಲೆ ಒಬ್ಬ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದನಂತೆ, ಕೆಳಗಿನವನು ತೊಲೆಯ ತುದಿಗೆ ಕಟ್ಟಿದ ಬಾನಿ ಹಿಡಿದು ನೀರು ಸುರಿಯುತ್ತಿದ್ದನಂತೆ. ಎಷ್ಟು ಬಾನಿ ಆಯಿತೆಂದು ಹಾಡಿನಲ್ಲೇ ಎಣಿಸುತ್ತಿದ್ದರು. ಯಾರು ಎಷ್ಟು ನೀರೆತ್ತಿದರೆಂಬುದು ಊರಿಗೆಲ್ಲ ಕೇಳಿಸುತ್ತಿತ್ತು. ಅದನ್ನು ಓದುತ್ತಿದ್ದಾಗಲೇ ಗೇಟಿನ ಚಿಲಕ ಅಲುಗಿತು.

ಬಂದವಳು ಸೆಲ್ವಿ. ನಮ್ಮ ಸಾಲಿನ ಕಟ್ಟಕಡೆಯ ಮನೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳಾದರೂ ನನ್ನನ್ನೇ ಅಕ್ಕ ಎನ್ನುತ್ತಾಳೆ. ಅವಳ ಗಂಡ ಆರೋಗ್ಯಂ ಚಿನ್ನದ ಗಣಿಯ ಆಳದಲ್ಲಿ ಪಂಪು ನೋಡಿಕೊಳ್ಳುತ್ತಿದ್ದವರು. ಕೆಲಸ ಮಾಡುವವರು ಮುಳುಗದಂತೆ ಹಗಲೂ ರಾತ್ರಿ ನೀರನ್ನು ಮೇಲಕ್ಕೆ ಕಳಿಸುವುದು ಅವರ ಕೆಲಸ. ಗಣಿ ಮುಚ್ಚಿತು, ಪಂಪುಗಳು ನಿಂತವು. ಈಗ ಕೆಳಗೆಲ್ಲ ನೀರು ತುಂಬಿಕೊಂಡಿದೆ ಎನ್ನುತ್ತಾರೆ. ಆರೋಗ್ಯಂ ಅವರ ಎದೆಯಲ್ಲಿ ಧೂಳು ಉಳಿದಿದೆ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ಅವರ ಮನೆಯಲ್ಲಿ ಮೋಟಾರಿಲ್ಲ.

ಸೆಲ್ವಿಯ ಸೊಂಟದಲ್ಲಿ ಖಾಲಿ ಕೊಡವಿತ್ತು. "ಅಕ್ಕಾ, ನಿಮ್ದ್ರಲ್ಲಿ ನೀರ್ ಬಂತಾ? ನಮ್ದ್ರಲ್ಲಿ ಬರೀ ಗಾಳೀನೇ ಬರ್ತೈತೆ. ಆಸ್ಪತ್ರೆಯಿಂದ ಮಗಳ್ನೂ ಮಗೂನೂ ಇವತ್ತು ಕರ್ಕೊಂಡ್ ಬರ್ತಾವ್ರೆ. ನೀರ್ ಹಾಕೋ ಆಯಾ ಕ್ಯಾಸಂಬಳ್ಳಿಯಿಂದ ಬಂದು ಕೂತೈತೆ. ಹನ್ನೆರ್ಡ್ ಗಂಟೆ ಬಸ್ಸಿಗೆ ಓಗ್ಲೇಬೇಕಂತೆ. ಹಂಡೆ ನೋಡಿದ್ರೆ ಖಾಲಿ."

ಬಾಣಂತಿಗೂ ಕೂಸಿಗೂ ಮನೆಯಲ್ಲಿ ಎರೆಯುವ ಮೊದಲ ನೀರು. ಅದಕ್ಕೆ ಹಂಡೆ ತುಂಬ ಬಿಸಿನೀರು ಬೇಕು, ಕೈ ಪಳಗಿದ ಮುದುಕಿ ಬೇಕು. ಮುದುಕಿ ಬಂದಿದ್ದಾಳೆ, ನೀರು ಬಂದಿಲ್ಲ. ನನಗೆ ಎಲ್ಲವೂ ಅರ್ಥವಾಯಿತು. ಹಿತ್ತಲಲ್ಲಿ ನೀರು ತೊಟ್ಟಿಗೆ ಬೀಳುತ್ತಿದ್ದುದೂ ಕೇಳಿಸಿತು. ನಾನು ಎರಡು ಹೆಜ್ಜೆ ಹಿಂದಿಟ್ಟು, ಸೆರಗು ಸರಿಮಾಡುವವಳಂತೆ ಮೊಬೈಲಿನ ದನಿ ಇನ್ನಷ್ಟು ಏರಿಸಿದೆ. ಬಾಯಿ ತಾನಾಗಿಯೇ ಹೇಳಿತು: "ಇಲ್ಲ ಸೆಲ್ವಿ, ಇಲ್ಲೂ ದಾರದ ಹಾಗೆ ಬರ್ತಿದೆ."

ಯಾಕೆ ಹಾಗೆಂದೆನೆಂದು ಇಂದಿಗೂ ತಿಳಿಯದು. ನೀರು ಕೊಡಲು ಮನಸ್ಸಿಲ್ಲದೆ ಅಲ್ಲ. ಬಂತು ಎಂದರೆ, ನಿಮಗೆ ಬರದ ನೀರು ನಮಗೆ ಹೇಗೆ ಬಂತೆಂದು ಹೇಳಬೇಕಾಗುತ್ತಿತ್ತು. ಸೆಲ್ವಿ ನನ್ನನ್ನೇ ಸಮಾಧಾನಪಡಿಸಿದಳು. "ಪರ್ವಾಗಿಲ್ಲ ಅಕ್ಕಾ. ನಿಮ್ಗೂ ಕಷ್ಟಾನೇ ಅಲ್ವಾ, ಸಾಯಂಕಾಲ ಬೇರೆ ಮೈಕಲ್ಲಿ ಮಾತಾಡ್ಬೇಕು. ನೀವು ಓದ್ಕೊಳ್ಳಿ" ಎಂದು ಹೊರಟುಹೋದಳು. ಹೋಗುವಾಗ ಗೇಟಿನ ಚಿಲಕವನ್ನು ಸದ್ದಾಗದಂತೆ ಹಾಕಿದಳು, ನನ್ನ ಓದಿಗೆ ತೊಂದರೆಯಾಗಬಾರದೆಂದು.

ಮತ್ತೆ ಹಾಳೆ ಹಿಡಿದೆ. ಮುಂದಿನ ಪ್ಯಾರಾ ಹರಪ್ಪದ್ದು. ಸಾವಿರಾರು ವರ್ಷಗಳ ಹಿಂದೆಯೇ ಅವರ ಊರಿನಲ್ಲಿ ಇಟ್ಟಿಗೆಯ ಬಾವಿಗಳಿದ್ದವು, ಬೀದಿಯುದ್ದಕ್ಕೂ ಮುಚ್ಚಿದ ಚರಂಡಿಗಳಿದ್ದವು, ನೀರು ಎಲ್ಲರ ಮನೆಯ ಸಂಗತಿಯಾಗಿತ್ತು ಎಂದು ನನ್ನ ದುಂಡು ಅಕ್ಷರದಲ್ಲಿ ನಾನೇ ಬರೆದಿದ್ದೆ. ಅದನ್ನು ಗಟ್ಟಿಯಾಗಿ ಓದಲು ಹೊರಟವಳು ಹಾಳೆ ಮಡಚಿಟ್ಟೆ. ಎದ್ದು ಹೋಗಿ ಮೋಟಾರು ನಿಲ್ಲಿಸಿದೆ.

ಇಲ್ಲಿಗೆ ನಾನು ಒಳ್ಳೆಯವಳಾದೆನೆಂದು ಕಥೆ ಮುಗಿಸಬಹುದಿತ್ತು. ಆದರೆ ನನ್ನ ತ್ಯಾಗದ ಫಲ ನೋಡೋಣವೆಂದು ಬೀದಿಗಿಳಿದು ಕೊನೆಯ ಮನೆಯ ಕಡೆ ನಡೆದೆ. ಒತ್ತಡವಿಲ್ಲದ ಪೈಪಿನಿಂದ ನೀರು ಹಿಡಿಯಲೆಂದು ಸೆಲ್ವಿಯ ಮನೆಯ ಮುಂದೆ ಸೊಂಟದಾಳದ ಗುಂಡಿ ತೋಡಿದ್ದಾರೆ. ಸೆಲ್ವಿ ಅದರಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಲೋಟವನ್ನು ನಲ್ಲಿಯ ಬಾಯಿಗೊಡ್ಡಿ ಕಾಯುತ್ತಿದ್ದಳು. ಹಳೆಯ ನಾಗರಿಕತೆಗಳನ್ನು ಅಗೆದು ತೆಗೆಯುವ ಚಿತ್ರಗಳಲ್ಲಿ ಹೀಗೆಯೇ ಗುಂಡಿಗಳಿರುತ್ತವೆ, ಆದರೆ ಅವುಗಳಲ್ಲಿ ಕೂತವರು ಮೊಮ್ಮಗುವಿಗಾಗಿ ಕಾಯುತ್ತಿರುವುದಿಲ್ಲ. ಲೋಟದಲ್ಲಿ ಎರಡು ಬೆರಳಷ್ಟೂ ನೀರಿರಲಿಲ್ಲ. ನಾನು ಬಿಟ್ಟ ನೀರು ಸುಪ್ರಭಾತದವರ ಮನೆಗೂ ಮುರುಗನ ಭಕ್ತರ ಮನೆಗೂ ಹಂಚಿಹೋಗಿತ್ತು. ಬೀದಿಯಲ್ಲಿ ಒಬ್ಬಳೇ ಒಳ್ಳೆಯವಳಾದರೆ ಆಗುವ ಪ್ರಯೋಜನ ಇಷ್ಟೇ ಎಂದು ತಿಳಿಯಿತು.

ಸಪ್ಪೆ ಮೋರೆ ಮಾಡಿಕೊಂಡು ಮನೆಗೆ ಬಂದು ಮೋಟಾರು ಮತ್ತೆ ಹಾಕಿದೆ. ಈ ಸಲ ಧರ್ಮಕ್ಕಾಗಿ ಕದಿಯುತ್ತಿದ್ದೇನೆಂಬ ಸಮಾಧಾನವಿತ್ತು. ಕದಿಯುವ ಎಲ್ಲರಿಗೂ ಅದು ಇರುತ್ತದೆಂದು ಕಾಣುತ್ತದೆ. ಎರಡು ಕೊಡ ತುಂಬಿಕೊಂಡು, ಒಂದನ್ನು ಸೊಂಟಕ್ಕೂ ಒಂದನ್ನು ಕೈಗೂ ಕೊಟ್ಟು ಹೊರಟೆ. ಮೂರು ಸಲ ಹೋಗಿಬಂದೆ, ಆರು ಕೊಡ. ಭಾಷಣಕ್ಕೆಂದು ಇಸ್ತ್ರಿ ಮಾಡಿ ಬೆಳಿಗ್ಗೆಯೇ ಉಟ್ಟಿದ್ದ ಹತ್ತಿ ಸೀರೆ ಮೊಣಕಾಲವರೆಗೆ ನೆನೆಯಿತು. "ಈಗ ಇದ್ದಕ್ಕಿದ್ದ ಹಾಗೆ ಜೋರಾಗಿ ಬಂತು ಸೆಲ್ವಿ" ಎಂದು ಎರಡನೆಯ ಸುಳ್ಳನ್ನೂ ಮೊದಲ ಸಲದ ಕೊಡಗಳ ಜೊತೆಗೇ ಇಳಿಸಿದ್ದೆ.

ಸೆಲ್ವಿ ಗುಂಡಿಯಿಂದ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ನೀವ್ ದೇವ್ರು ಅಕ್ಕಾ" ಎಂದಳು. ಕುರ್ಚಿಯಲ್ಲಿದ್ದ ಆರೋಗ್ಯಂ ನನ್ನನ್ನೂ ಕೊಡವನ್ನೂ ಒಮ್ಮೆ ನೋಡಿ, ಉಸಿರು ಹಿಡಿದುಕೊಂಡು, "ತುಂಬಾ ಬಾರ ಅಮ್ಮಾ, ಸೊಂಟ ಜೋಪಾನ" ಎಂದಷ್ಟೇ ಅಂದರು. ಆಟೋ ಬಂತು. ಹಂಡೆಯಲ್ಲಿ ನೀರು ಕಾಯಿತು. ಕ್ಯಾಸಂಬಳ್ಳಿಯ ಮುದುಕಿ ಕಾಲು ನೀಡಿ ಕೂತು, ಕೂಸನ್ನು ಮೊಣಕಾಲಿನ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ನೀರು ಸುರಿದಳು. ಅದು ಬೀದಿಯ ದೇವರುಗಳನ್ನೆಲ್ಲ ಮೀರಿಸಿ ಅತ್ತಿತು. ಸಾಂಬ್ರಾಣಿಯ ಹೊಗೆ ಹೊರಗೆ ಬಂತು. ಮುದುಕಿಗೆ ಹನ್ನೆರಡರ ಬಸ್ಸೂ ಸಿಕ್ಕಿತು.

ಶಿಫ್ಟು ಮುಗಿಸಿ ಬಂದ ಯಜಮಾನರಿಗೆ ಊಟಕ್ಕೆ ಬಡಿಸುತ್ತಾ ಇದ್ದದ್ದನ್ನು ಹೇಳಿದೆ. "ಆರು ಕೊಡ ಒತ್ಕೊಂಡ್ ಓಗಿ ಕೊಟ್ಟಾ? ಓಗ್ಲಿ ಬಿಡು, ಪುಣ್ಯದ ಕೆಲ್ಸ" ಎಂದು ಉದಾರವಾಗಿ ಸಾರಿಗೆ ಕೈ ಚಾಚಿದರು. ಅಲ್ಲಿಯವರೆಗೆ ನನಗೂ ಹಾಗೆಯೇ ಅನ್ನಿಸಿತ್ತು. ಅವರ ಬಾಯಲ್ಲಿ ಕೇಳಿದ ಮೇಲೆ ಲೆಕ್ಕ ತಪ್ಪಿದ್ದು ಗೊತ್ತಾಯಿತು. ಸೆಲ್ವಿಯ ನಲ್ಲಿಗೆ ಹೋಗಬೇಕಾದ ನೀರನ್ನು ನಡುದಾರಿಯಲ್ಲಿ ಎಳೆದುಕೊಂಡು, ಅದರಲ್ಲಿ ಆರು ಕೊಡ ಅವಳಿಗೇ ಹೊತ್ತು ಕೊಟ್ಟು, ದೇವರು ಎನ್ನಿಸಿಕೊಂಡು ಬಂದಿದ್ದೆ. ಜಗತ್ತಿನ ಯಾವ ನಾಗರಿಕತೆ ಇದನ್ನು ಮೊದಲು ಕಂಡುಹಿಡಿಯಿತೋ ಕಾಣೆ. ಎಲ್ಲ ನಾಗರಿಕತೆಗಳೂ ಸ್ವತಂತ್ರವಾಗಿಯೇ ಕಂಡುಹಿಡಿದಿರಬೇಕು.

ನಾಲ್ಕಕ್ಕೆ ಸೀರೆ ಬದಲಿಸಿ ಸಂಘಕ್ಕೆ ಹೋದೆ. ಮಡಕೆಯವಳ ಮಾತಿಗೆ ಹೆಂಗಸರು ನಕ್ಕರು, ಏತದ ಹಾಡಿಗೆ ತಲೆದೂಗಿದರು. ಹರಪ್ಪದ ಪ್ಯಾರಾ ಬಂದಾಗ ಸಭೆಯತ್ತ ನೋಡಿದೆ. ಮುಂದಿನ ಸಾಲಿನಲ್ಲಿ ಸುಪ್ರಭಾತದವರು, ಎರಡನೆಯದರಲ್ಲಿ ಮುರುಗನವರು, ಪಕ್ಕದಲ್ಲಿ ಏಸುವಿನವರು ತೊಳೆದು ಹೊಳೆಯುವ ಮುಖಗಳೊಂದಿಗೆ ಕೂತಿದ್ದರು. ನಾನು ಆ ಹಾಳೆಯನ್ನು ಮೆಲ್ಲಗೆ ಕೆಳಕ್ಕೆ ಸರಿಸಿ ನೇರವಾಗಿ ರೋಮಿಗೆ ಹೋದೆ. ಚಪ್ಪಾಳೆ ಬಿತ್ತು. ಕೊಟ್ಟ ಸಮಯಕ್ಕಿಂತ ಎರಡು ನಿಮಿಷ ಮೊದಲೇ ಮುಗಿಸಿದ್ದು ಕಾನ್ವೆಂಟಿನ ಶಿಸ್ತೆಂದು ಅಧ್ಯಕ್ಷೆ ಹೊಗಳಿದರು.

ಸಂಜೆ ಮನೆಗೆ ಹೋಗದೆ ನೇರವಾಗಿ ಸೆಲ್ವಿಯ ಮನೆಗೆ ನಡೆದೆ. ಕೂಸನ್ನು ನೋಡುವ ನೆಪ. ಎದ್ದು ನಿಂತು ಹೇಳಿಬಿಡುವುದೆಂದು ನಿಶ್ಚಯ. ಕೂಸು ಎರೆಸಿಕೊಂಡ ಸುಖದಲ್ಲಿ ಮುಷ್ಟಿ ಬಿಗಿದು ಮಲಗಿತ್ತು. ಆರೋಗ್ಯಂ ತಮ್ಮ ಕುರ್ಚಿಯಲ್ಲಿದ್ದರು. ಸೆಲ್ವಿ ಕಾಫಿ ತಂದುಕೊಟ್ಟಳು. ನಾನು ಕೂರಲಿಲ್ಲ. ಲೋಟ ಹಿಡಿದು, ಐದನೇ ತರಗತಿಯ ಹುಡುಗಿಯಂತೆ ನೆಟ್ಟಗೆ ನಿಂತು, "ಸೆಲ್ವಿ, ಬೆಳಿಗ್ಗೆ ನೀನು ಬಂದಾಗ ನಾನು..." ಎಂದು ಶುರುಮಾಡಿದೆ.

ಆರೋಗ್ಯಂ ಕೂಸಿನ ಮೇಲೆ ಕೂತ ನೊಣವನ್ನು ಟವೆಲಿನಿಂದ ಓಡಿಸುತ್ತಾ, ನನ್ನ ಕಡೆ ತಿರುಗದೆಯೇ ಅಂದರು: "ಅಮ್ಮಾ, ಹೇಳ್ಬೇಕು ಅಂತ ಇದ್ದೆ. ನಮ್ ನಲ್ಲಿ ಪೈಪ್ ಮೇಲೆ ಕೈ ಇಟ್ರೆ ಅದ್ರೋದ್ರಲ್ಲೇ ಗೊತ್ತಾಗ್ತದೆ, ನಿಮ್ ಮೋಟ್ರುಗೆ ಬೇರಿಂಗ್ ಓಗೈತೆ. ಮುಂದಿನ್ ಸಲ ನೀರ್ ಬಿಡೋಕ್ ಮುಂಚೆ ಕರೀರಿ, ಬಂದು ಗ್ರೀಸ್ ಹಾಕ್ಕೊಡ್ತೀನಿ. ಹಂಗೇ ಬಿಟ್ರೆ ಸುಟ್ಟೋಗ್ತದೆ. ಮಿಷಿನ್ ಏನ್ ತಪ್ಪು ಮಾಡ್ತು?"