ಉಪ್ಪಿನ ಚಹಾದ ಪ್ರಾಯಶ್ಚಿತ್ತ

ಯಾರಾದರೂ ‘ಬೇಡ’ ಎಂದರೆ ನನ್ನ ಕಾಲು ತಾನಾಗಿಯೇ ಆ ಕಡೆ ಹೊರಡುತ್ತದೆ. ಇದು ದುರ್ಗುಣವೆಂದು ಅತ್ತೆಯವರ ಮತ. ಗದಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹತ್ತು ವರ್ಷ ಭೂಗೋಳ ಕಲಿಸಿದ ನಾನು ಇದನ್ನು ಶೋಧಕ ಬುದ್ಧಿ ಎನ್ನುತ್ತಿದ್ದೆ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾವಿನ್ನೂ ಮುಂಬಯಿ ರಾಜ್ಯದಲ್ಲೇ ಇದ್ದೆವು. ನಮ್ಮ ಓಣಿಯ ಭಟ್ಟರು ಹತ್ತು ಮಂದಿಯನ್ನು ಕೂಡಿಸಿಕೊಂಡು ಶಿವರಾತ್ರಿಗೆ ನೇಪಾಳದ ಪಶುಪತಿನಾಥನ ಯಾತ್ರೆ ಹೊರಟರು. ನಾನೂ ಯಜಮಾನರೂ ಸೇರಿಕೊಂಡೆವು. ರೈಲು, ಲಾರಿ, ಕೊನೆಗೆ ಗುಡ್ಡ ಹತ್ತಿಳಿಯುವ ನಡಿಗೆ. ಲಕ್ಕುಂಡಿಯ ಬಾವಿಯ ಮೆಟ್ಟಿಲಿಳಿದು ಹತ್ತಿದ್ದನ್ನೇ ಪರ್ವತಾರೋಹಣವೆಂದುಕೊಂಡಿದ್ದವಳಿಗೆ ತನಗೂ ಎರಡು ಮೊಣಕಾಲಿವೆಯೆಂದು ಅಲ್ಲಿ ಗೊತ್ತಾಯಿತು.

ಪಶುಪತಿನಾಥನ ಊರಾಚೆಯ ಬೌದ್ಧ ಸ್ತೂಪಕ್ಕೆ ಚಳಿಗಾಲದಲ್ಲಿ ಟಿಬೆಟ್ಟಿನ ಯಾತ್ರಿಕರು ಬರುತ್ತಾರೆಂದು ಯಾರೋ ಹೇಳಿದರು. ನಕಾಶೆಯ ಮೇಲೆ ಕೋಲಿಟ್ಟು ತೋರಿಸುತ್ತಿದ್ದ ದೇಶದ ಜನ ಇಷ್ಟು ಹತ್ತಿರ!

“ಅಕ್ಕೋರ, ಅಲ್ಲಿ ಹೋಗೂದು ಬ್ಯಾಡ. ಅದು ನಮ್ಮ ಗುಡಿ ಅಲ್ಲ,” ಎಂದರು ಭಟ್ಟರು.

ಮುಗಿಯಿತು, ಹೊರಟೆ. ಯಜಮಾನರೂ ಹಿಂದೆ ಬಂದರು, ಹೆಬ್ಬಾಗಿಲ ತನಕ.

ದೊಡ್ಡ ಬಿಳಿ ಗುಮ್ಮಟ, ಅದರ ಮೇಲೆ ಬಿಡಿಸಿದ ಕಣ್ಣುಗಳು, ಸುತ್ತಲೂ ಕೈಯಿಂದ ತಿರುಗಿಸುವ ಪ್ರಾರ್ಥನೆಯ ಚಕ್ರಗಳು. ಸಂಭ್ರಮದಲ್ಲಿ ನಾನು ಅಪ್ರದಕ್ಷಿಣವಾಗಿ ಸುತ್ತತೊಡಗಿದೆ. ಎದುರು ಬಂದ ಟಿಬೆಟ್ಟಿನ ಮುದುಕಿಯೊಬ್ಬಳು ಭುಜ ಹಿಡಿದು ಗರ್ರನೆ ತಿರುಗಿಸಿ, ಕೈಹಿಡಿದು ಮೂರು ಸುತ್ತು ಹಾಕಿಸಿದಳು. ನನ್ನ ಕೈ ಹಿಮದಂತಾಗಿದ್ದನ್ನು ನೋಡಿ ತನ್ನ ಕೋಣೆಗೆ ಕರೆದೊಯ್ದು ಚಹಾ ಕೊಟ್ಟಳು. ಉಪ್ಪು ಹಾಕಿದ, ಬೆಣ್ಣೆ ತೇಲುವ ಚಹಾ! ಮರ್ಯಾದೆಗೆಂದು ಕಣ್ಣುಮುಚ್ಚಿ ಬಟ್ಟಲು ಬರಿದು ಮಾಡಿದೆ, ಆಕೆ ತುಂಬಿದಳು. ಮತ್ತೆ ಬರಿದು ಮಾಡಿದೆ, ಮತ್ತೆ ತುಂಬಿದಳು. ಬರಿದು ಮಾಡುವುದೆಂದರೆ ‘ಇನ್ನಷ್ಟು ಹಾಕು’ ಎನ್ನುವುದೆಂದು ನಾಲ್ಕನೆಯ ಬಟ್ಟಲಿಗೆ ಹೊಳೆಯಿತು.

ಹೊರಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಅವರಿಗೆ ಗುಟ್ಟೊಂದು ಜೀರ್ಣವಾಗುವುದಿಲ್ಲ. ಗದಗಿಗೆ ಬಂದ ಮರುದಿನವೇ ಸುದ್ದಿ ಓಣಿ ತುಂಬಿತು. ಅತ್ತೆಯವರು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು. ಭಟ್ಟರು ಪಂಚಗವ್ಯ ಹಿಡಿದು ಬಂದರು.

“ತಪ್ಪಾತು ಅಂದು ಕುಡದಬಿಡ್ರಿ ಅಕ್ಕೋರ. ಆಮ್ಯಾಲ ಒಲಿ ಮುಟ್ರಿ.”

“ತಪ್ಪು ಮಾಡಿದ್ರ ಕುಡೀತಿದ್ದೆ. ಏಕೀಕರಣದ ಸಭಾದಾಗ ಗಡಿ ಅಳಸ್ರಿ ಅಂತ ಕೂಗಿದವರು ನೀವೇ. ಒಂದು ಬಟ್ಟಲ ಚಹಾಕ್ಕ ಗಡಿ ಹಾಕ್ತೀರೇನು?”

“ಅದು ರಾಜ್ಯದ ಮಾತು. ಇದು ಮಡಿ ಮಾತು!”

“ಆ ಮುದುಕಿ ನನ್ನ ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ. ಥಂಡಿ ಹತ್ತೇದ ಅಂತ ಒಲಿ ಮುಂದ ಕೂಡಿಸಿದ್ಲು. ಆಕಿ ಕೊಟ್ಟದ್ದು ಹೊಲಸು ಅಂತ ನನ್ನ ಬಾಯಿಂದ ಬರೂದಿಲ್ಲ.”

ಭಟ್ಟರು ಬಟ್ಟಲು ಅಲ್ಲೇ ಇಟ್ಟು ಹೋದರು. ಮರುದಿನವೂ ತಂದರು, ಅದರ ಮರುದಿನವೂ ತಂದರು. ಐದು ದಿನ ಅತ್ತೆಯವರೇ ಬೇಯಿಸಿದರು. ನಾನು ಕಟ್ಟೆಯ ಮೇಲೆ ಕೂತು ಮಕ್ಕಳ ನೋಟುಬುಕ್ಕು ತಿದ್ದಿದೆ. ಆರನೆಯ ದಿನ ಶಾಲೆಯಿಂದ ಬಂದರೆ ಅಡುಗೆಮನೆಯ ಬಾಗಿಲಿಗೆ ಅಡ್ಡ ಯಾರೂ ಇರಲಿಲ್ಲ.

“ನಿನ್ನ ಪರವಾಗಿ ನಾನೇ ಕುಡದೆ,” ಎಂದರು ಯಜಮಾನರು, ಹೊಟ್ಟೆ ಹಿಡಿದುಕೊಂಡು. ಆ ಚಹಾದ ಹನಿಯನ್ನೂ ಮುಟ್ಟದ ಮನುಷ್ಯ!

“ನಂದು ತಪ್ಪೇ ಇಲ್ಲ ಅಂದಮ್ಯಾಲ ನಿಮಗ್ಯಾಕ ಪ್ರಾಯಶ್ಚಿತ್ತ?” ಎಂದು ಕೂಗಾಡಿ, ಹಟಕ್ಕೆ ಇನ್ನೂ ಎರಡು ದಿನ ಹೊರಗೇ ಉಳಿದೆ. ಮೂರನೆಯ ದಿನ ಅತ್ತೆಯವರೇ ಬಂದು ನಿಂತರು.

“ತಪ್ಪಾತು ಅನಬ್ಯಾಡ. ಬಾರವ್ವಾ ಒಳಗ. ನನ್ನ ಕೈ ಸೋತಾವ.”

ಕೋಟೆ ಗೆದ್ದವಳಂತೆ ತಲೆಯೆತ್ತಿ ಒಳಗೆ ಹೋದೆ. ತಪ್ಪೆಂದು ಇಂದಿಗೂ ಅಂದಿಲ್ಲ. ಹತ್ತನೆಯ ರೊಟ್ಟಿ ಬಡಿಯುವಾಗ ಮಾತ್ರ ಒಂದು ವಿಚಾರ ಹೊಳೆಯಿತು: ಓಣಿಯ ಹೆಂಗಸರೆಲ್ಲ ಒಲೆಯಿಂದ ನಾಲ್ಕು ದಿನ ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದರು, ಕಾದಾಡಿ ಆ ಒಲೆಯನ್ನೇ ಮರಳಿ ಗೆದ್ದುಕೊಂಡ ಜಾಣೆ ಇಡೀ ಗದಗಿನಲ್ಲಿ ನಾನೊಬ್ಬಳೇ.