ಕೋಳಿಗೂಡಿನಿಂದ ಕುವೈತಿಗೆ ಮೂರು ನಿಮಿಷ

ನನ್ನ ಸೊಸೆ ಯಶೋಧಾ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದರೆ ನಿಮಗೆ ಬೇರೆ ಥರ ಅನಿಸಬಹುದು. (ಅವಳೂ ಇದನ್ನು ಓದುತ್ತಾಳೆ. ಅದೂ ಒಂದು ಕಾರಣ.)

ನನ್ನ ತಕರಾರು ಇಷ್ಟೇ. ನನ್ನ ಮಗಳು ಪ್ರಜ್ಞಾ ಕುವೈತಿನ ಒಂದು ದವಾಖಾನೆಯಲ್ಲಿ ನರ್ಸ್. ದಿನಾ ಹನ್ನೊಂದು ಗಂಟೆಗೆ ಫೋನ್ ಮಾಡುತ್ತಾಳೆ. ನನಗಲ್ಲ, ತನ್ನ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ. ಯಶೋಧಾ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ರೊಟ್ಟಿ ಬಡಿಯಲು ಕೂರುತ್ತಾಳೆ. ನನ್ನ ಪಾಲಿಗೆ ಬರುವುದು, “ನಾಷ್ಟಾ ಆತೇನಬೇ?” “ಆತು.” “ಗುಳಿಗಿ ತಗೊಂಡಿ?” “ತಗೊಂಡೆ.” ಇಷ್ಟು. ಆಮೇಲೆ ಒಂದು ತಾಸು ಫೋನು ಚಾಲೂ ಇರುತ್ತದೆ. ಇಬ್ಬರಲ್ಲಿ ಒಬ್ಬರೂ ಮಾತಾಡುವುದಿಲ್ಲ! ಇಲ್ಲಿ ರೊಟ್ಟಿಯ ಸಪ್ಪಳ, ಅಲ್ಲಿ ಕುವೈತಿನ ಒಂದು ಛತ್ತು, ಕೋಣೆಯ ಬೋಳು ಚಾವಣಿ. ಸಮುದ್ರ ದಾಟಿ ಬಂದ ಛತ್ತನ್ನು ನೋಡಿಕೊಂಡು ನಾವು ಸಂಪಗಾಂವದಲ್ಲಿ ಅಡಿಗೆ ಮಾಡಬೇಕು.

ಇದು ನನಗೆ ಯಾಕೆ ತಡೆಯಲಾಗುವುದಿಲ್ಲ ಎಂದರೆ, ನಾನು ಹದಿನೆಂಟು ವರ್ಷ ಪರದೇಶದ ಮಾತನ್ನು ಸೆಕೆಂಡು ಲೆಕ್ಕದಲ್ಲಿ ನೋಡಿದವಳು. ನನ್ನ ಯಜಮಾನರು ಕಾಡಪ್ಪನವರಿಗೆ ಒಂದು ಕಾಲು ಪೋಲಿಯೊದಿಂದ ಸೋತಿತ್ತು. ಅಂಗವಿಕಲರ ಕೋಟಾದಲ್ಲಿ ಬೈಲಹೊಂಗಲ ಬಸ್‌ಸ್ಟ್ಯಾಂಡಿನ ಎದುರು ಎಸ್.ಟಿ.ಡಿ.-ಐ.ಎಸ್.ಡಿ. ಬೂತು ಸಿಕ್ಕಿತು. ಅವರು ಹೋದ ಮೇಲೆ ನಾನೇ ನಡೆಸಿದೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಅಕ್ಷರಗಳು ಇವತ್ತಿಗೂ ಒಂದೊಂದಾಗಿ ನನ್ನ ಕೈ ಹಿಡಿದುಕೊಂಡೇ ಬರುತ್ತವೆ. ಆದರೆ ಅಂಕಿ? ಸೌದಿ, ಕುವೈತ್, ದುಬೈ, ಯಾವ ದೇಶದ ಕೋಡು ಬೇಕು ಕೇಳಿ, ಈಗಲೂ ನಿದ್ದೆಯಲ್ಲಿ ಹೇಳುತ್ತೇನೆ. (ನಿದ್ದೆಯ ಮಾತು ಆಮೇಲೆ ಬರುತ್ತದೆ.)

ಆಗ ಮಾತಿಗೆ ಬೆಲೆ ಇತ್ತು. ಗೌಂಡಿ ನಿಜಗುಣಪ್ಪ ದುಬೈಯಲ್ಲಿದ್ದ ಅಣ್ಣನಿಗೆ ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಬಂದು, ಕೋರ್ಟಿನ ನೋಟೀಸಿನಂತೆ ಓದಿ ಹೋಗುತ್ತಿದ್ದ. ಸಂಗೊಳ್ಳಿಯ ರಾಚವ್ವನ ಗಂಡ ಸೌದಿಯಲ್ಲಿ ಡ್ರೈವರ್. ಅವಳ ರೊಕ್ಕಕ್ಕೆ ತಿಂಗಳಿಗೆ ಮೂರೇ ನಿಮಿಷ. ಆಕೆ, “ಹಲೋ, ಕೇಳಸ್ತೈತೇನ್ರೀ?” ಎಂದು ಒಂದು ನಿಮಿಷ ಕೂಗುತ್ತಿದ್ದಳು, ಇನ್ನೊಂದು ನಿಮಿಷ ಅಳುತ್ತಿದ್ದಳು, ಉಳಿದ ಒಂದು ನಿಮಿಷದಲ್ಲಿ ಸಂಸಾರ ನಡೆಸುತ್ತಿದ್ದಳು. ಎರಡು ನಿಮಿಷ ಐವತ್ತು ಸೆಕೆಂಡಿಗೆ ನಾನು ನಾಣ್ಯದಿಂದ ಕ್ಯಾಬಿನ್ನಿನ ಕಾಜಿನ ಕಿಟಕಿಗೆ ಟಕ್ ಟಕ್ ಎಂದು ಬಡಿಯಬೇಕು. “ಮೂರು ಆತಂದ್ರ ನೀವ ಕಟ್ ಮಾಡಿಬಿಡ್ರಿ ಕೆಂಪವ್ವಾರ, ನನ್ನ ಕೈಲೆ ಆಗೂದಿಲ್ಲ” ಎಂದು ಅವಳೇ ಹೇಳಿಟ್ಟಿದ್ದಳು. ಅವಳೊಬ್ಬಳೇ ಅಲ್ಲ, ಬಹಳ ಮಂದಿ ಹಾಗೆ ಹೇಳುತ್ತಿದ್ದರು. ಆ ಕೆಲಸಕ್ಕೆ ನನ್ನ ಬೆರಳು ಬೇಕಿತ್ತು. ನಾನು ಒಂದು ಸೆಕೆಂಡು ಹೆಚ್ಚು ಕೊಡಲಿಲ್ಲ, ಒಂದು ಸೆಕೆಂಡು ಕಡಿಮೆ ಮಾಡಲಿಲ್ಲ.

ಮೊಬೈಲು ಬಂತು, ಬೂತು ಮುಚ್ಚಿತು. ಪ್ಲೈವುಡ್ಡಿನ ಕ್ಯಾಬಿನ್ನು ಟ್ರ್ಯಾಕ್ಟರಿನಲ್ಲಿ ಕೂತು ಸಂಪಗಾಂವಕ್ಕೆ ಬಂತು. ಈಗ ಹಿತ್ತಲಲ್ಲಿ ಅದರೊಳಗೆ ಕೋಳಿಗಳಿವೆ.

ಕಳೆದ ತಿಂಗಳು ನನಗೊಂದು ದಿವ್ಯ ವಿಚಾರ ಹೊಳೆಯಿತು. ಮಗಳು ನನ್ನೊಂದಿಗೆ ಮಾತಾಡದಿರುವುದು ಪ್ರೀತಿ ಕಡಿಮೆಯಾಗಿ ಅಲ್ಲ. ಹೊತ್ತು ಹೆಚ್ಚಾಗಿ! ಮೂರೇ ನಿಮಿಷ ಎಂದರೆ ಹೊಟ್ಟೆಯೊಳಗಿನ ಮಾತು ತಾನೇ ಬಾಯಿಗೆ ಬರುತ್ತದೆ. ಹದಿನೆಂಟು ವರ್ಷ ಕಾಜಿನ ಈಚೆ ನಿಂತು ಕಂಡ ಸತ್ಯ ಅದು.

“ನಾಳಿಂದ ಈ ಮನ್ಯಾಗ ಪರದೇಶದ ಫೋನು ಮೂರು ನಿಮಿಷ,” ಎಂದು ಘೋಷಿಸಿದೆ. “ಕ್ಯಾಬಿನ್ನಿನ್ಯಾಗ ಕುಂತು ಮಾತಾಡಬೇಕು. ಮಾರಿ ನೋಡೂದಿಲ್ಲ. ಬರೇ ಧ್ವನಿ.”

ಯಶೋಧಾ ಕೈಯಲ್ಲಿನ ಹಿಟ್ಟು ಕೊಡವಿದಳು. “ಅತ್ತೀ, ಫೋನ್ ಫುಕಟ್ ಐತ್ರಿ. ಮೀಟರ್ ಇಲ್ಲ.”

“ಅದ ರೋಗ.”

“ಕೋಳಿ ಎಲ್ಲಿಗೆ ಹೋಗಬೇಕ್ರಿ?”

“ಮೂರು ನಿಮಿಷ ಹೊರಗ ನಿಂತರ ಕೋಳಿ ಏನ್ ಸಾಯೂದಿಲ್ಲ.”

“ಪ್ರಜ್ಞಾ ಒಪ್ಪಬೇಕಲ್ರಿ?”

“ನಾ ಆಕಿ ಅವ್ವ.”

“ಹೌದ್ರಿ,” ಎಂದಳು ಯಶೋಧಾ. ಆ ‘ಹೌದ್ರಿ’ ನನಗೆ ಸರಿ ಬರಲಿಲ್ಲ. ಬಹಳ ಬೇಗ ಒಪ್ಪಿದ ಸೊಸೆಯನ್ನು ನಂಬಬಾರದು ಎಂದು ಆಗಲೇ ತಿಳಿಯಬೇಕಿತ್ತು.

ಮರುದಿನ ಕ್ಯಾಬಿನ್ನು ತೊಳೆಸಿದೆ. ಕಾವು ಕೂತ ಒಂದು ಕೋಳಿ ಮಾತ್ರ ಏಳಲಿಲ್ಲ. ಇರಲಿ, ಸಾಕ್ಷಿ ಬೇಕಲ್ಲ. ಸ್ಟೂಲಿನ ಮೇಲೆ ಕೂತು, ಯಜಮಾನರ ಕೈಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡೆ. ಯಶೋಧಾ ಫೋನು ಹಚ್ಚಿ ಕೊಟ್ಟು ಬಾಗಿಲು ಮುಚ್ಚಿದಳು. ಆಗ ನನಗೊಂದು ಸಂಗತಿ ಹೊಳೆಯಿತು. ಇಷ್ಟು ವರ್ಷದಲ್ಲಿ ನಾನು ಈ ಕ್ಯಾಬಿನ್ನಿನೊಳಗೆ ಕೂತು ಒಮ್ಮೆಯೂ ಮಾತಾಡಿರಲಿಲ್ಲ! ಆಗ ನಮ್ಮವರು ಯಾರೂ ಪರದೇಶದಲ್ಲಿರಲಿಲ್ಲ. ಪ್ರಜ್ಞಾ ಬೂತಿನ ಟ್ಯೂಬ್‌ಲೈಟಿನ ಕೆಳಗೆ ಕೂತು ಮಗ್ಗಿ ಹೇಳುತ್ತಿದ್ದಳು.

“ಯವ್ವಾ? ಏನಬೇ ಇದು ರೂಲು?” ಎಂದಳು ಮಗಳು.

“ನಡಕ ಬಾಯಿ ಹಾಕಬ್ಯಾಡ. ಹೊತ್ತು ಹೋಗತೈತಿ.” ನನ್ನಲ್ಲಿ ಐದು ವಿಷಯ ತಯಾರಿದ್ದವು. ಎಮ್ಮೆ ಈದದ್ದು, ನನ್ನ ಮೊಣಕಾಲು, ನಮ್ಮ ಓಣಿಯ ಮಹಾನಂದಾಳ ಮಗಳ ನಿಶ್ಚಯ, ಹಿತ್ತಲ ನಳ, ಪ್ರಜ್ಞಾಳ ನೆಗಡಿ. ಐದನ್ನೂ ಕ್ರಮವಾಗಿ ಹೇಳಿ ಮುಗಿಸಿ ಗಡಿಯಾರ ನೋಡಿದೆ. ಎರಡು ನಿಮಿಷ ಇಪ್ಪತ್ತು. ಇನ್ನೂ ನಲವತ್ತು ಸೆಕೆಂಡು!

ಅದನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಕೋಳಿ ಒಮ್ಮೆ ಗೊರ್ ಎಂದಿತು. ಎರಡು ಐವತ್ತಾಯಿತು. ಎರಡು ಐವತ್ತೈದಾಯಿತು. ಆಗ ಪ್ರಜ್ಞಾ ಸಣ್ಣ ದನಿಯಲ್ಲಿ, “ಯವ್ವಾ, ನಿನಗೊಂದು ಮಾತು ಹೇಳೂದೈತಿ. ಸಿಟ್ಟಾಗಬ್ಯಾಡ. ಮೂರು ತಿಂಗಳಾತು, ನನಗ...”

ಕಟ್.

ನಾನು ಮಾಡಿದ್ದಲ್ಲ. ಬೆರಳು ಮಾಡಿತು. ಮೂರು ನಿಮಿಷ ಅಂದರೆ ಮೂರು ನಿಮಿಷ ಎಂದು ಹದಿನೆಂಟು ವರ್ಷ ಕಲಿತ ಬೆರಳು.

ಬಾಗಿಲು ತಳ್ಳಿ ಓಡಿ ಬಂದೆ. “ಯಶೋಧಾ, ಹಚ್ಚು ಹಚ್ಚು! ಮಗಳು ಏನೋ ಹೇಳಾಕ ಹತ್ತಿದ್ಲು!”

“ಇವತ್ತಿನದು ಮುಗೀತಲ್ರಿ ಅತ್ತೀ. ಕಾಯಿದೆ.”

“ಸುಡು ನಿನ್ನ ಕಾಯಿದೆ!”

“ನಿಮ್ಮದ್ರಿ ಕಾಯಿದೆ,” ಎನ್ನುತ್ತಲೇ ಹಚ್ಚಿದಳು. ಫೋನು ರಿಂಗಾಯಿತು, ರಿಂಗಾಯಿತು, ನಿಂತಿತು. ಮತ್ತೆ ಹಚ್ಚಿದಳು. “ಎತ್ತವಲ್ಲಳ್ರಿ. ಮೂರು ನಿಮಿಷ ಆತಂತ ಸಪ್ಪಳ ಬಂದ್ ಮಾಡಿ ಇಟ್ಟಿರಬೇಕು. ಹೆದರಬ್ಯಾಡ್ರಿ, ಕೆಟ್ಟದ್ದೇನಲ್ಲ.”

“ನಿನಗ ಗೊತ್ತೈತಿ?”

“ಗೊತ್ತೈತ್ರಿ. ಆದ್ರ ಅದು ಆಕಿ ನಿಮಗ ಹೇಳೂ ಮಾತು, ನಾ ಹೇಳೂದಲ್ಲ.”

ಆ ಇಪ್ಪತ್ನಾಲ್ಕು ತಾಸು ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಮೂರು ತಿಂಗಳಿಂದ ಏನು? ಜ್ವರವೇ? ಕೆಲಸ ಹೋಯಿತೇ? ಯಾರನ್ನಾದರೂ ಮದುವೆಯಾದಳೇ? ಬ್ಯಾಳಿಗೆ ಎರಡು ಸಲ ಉಪ್ಪು ಹಾಕಿದೆ. ರಾಚವ್ವ ನೆನಪಾದಳು. ಆಕೆ ಅಳುತ್ತಿದ್ದಾಗಲೂ ನಾನು ಕಾಜಿಗೆ ಟಕ್ ಟಕ್ ಎನ್ನುತ್ತಿದ್ದೆ. ಅವಳ ಗಂಡನೂ ಆಚೆಯಿಂದ ಅರ್ಧ ಮಾತಿನಲ್ಲಿ ನಿಂತಿದ್ದನೇನೋ. ಆ ಉಳಿದರ್ಧವನ್ನು ಕೇಳಲು ಅವಳು ಮುಂದಿನ ತಿಂಗಳವರೆಗೆ ಕಾಯಬೇಕಿತ್ತು. ನನಗೆ ಒಂದೇ ದಿನ. ಮೀಟರಿನಲ್ಲಿ ಇದು ಕಾಣುತ್ತಿರಲಿಲ್ಲ.

ಮರುದಿನ ಹತ್ತೂವರೆಗೇ ಹಿಟ್ಟಿನ ಡಬ್ಬಿಯ ಮುಂದೆ ಕೂತಿದ್ದೆ. ಹನ್ನೊಂದಕ್ಕೆ ಮಗಳ ಮುಖ ಬಂತು. ಕಣ್ಣು ಕೆಂಪಾಗಿದ್ದವು.

“ಏನವಾ ಅದು? ಹೇಳು. ಎಷ್ಟು ಹೊತ್ತಾದ್ರೂ ಹೇಳು.”

“ಏನಿಲ್ಲಬೇ. ಮೂರು ತಿಂಗಳಿಂದ ರಾತ್ರಿ ಡ್ಯೂಟಿ ಹಾಕ್ಯಾರ. ಹಗಲೆಲ್ಲ ಮಲಗಬೇಕು, ನಿದ್ದಿ ಬರೂದಿಲ್ಲ. ನಿನಗ ಹೇಳಿದ್ರ ಚಿಂತಿ ಮಾಡತಿ ಅಂತ ಹೇಳಲಿಲ್ಲ. ವೈನಿ ರೊಟ್ಟಿ ಬಡಿಯೂದು ಕೇಳಕೋತ ಮಲಗತೇನಿ. ನಿನ್ನಿ ಕಣ್ಣ ಮುಚ್ಚಿಲ್ಲ ನೋಡು.”

ಆ ಛತ್ತು! ಒಂದು ತಾಸು ನಾನು ಬೈದುಕೊಳ್ಳುತ್ತಿದ್ದ ಛತ್ತಿನ ಕೆಳಗೆ ನನ್ನ ಮಗಳು ಮಲಗಿರುತ್ತಿದ್ದಳು.

“ಅದಕ್ಕ ಸಿಟ್ಟಾಗಬ್ಯಾಡ ಅಂತ ಯಾಕ ಅಂದಿ?”

“ವೈನಿ ಸಪ್ಪಳ ಬ್ಯಾರೆ, ನಿಂದು ಬ್ಯಾರೆ. ಸಣ್ಣಾಕಿದ್ದಾಗ ನಿನ್ನ ರೊಟ್ಟಿ ಸಪ್ಪಳಕ್ಕ ನಿದ್ದಿ ಹತ್ತತಿತ್ತು. ನೀನ ಬಡಿ ಅಂತ ಕೇಳಬೇಕಂದ್ರ, ನಿನಗ ಮೊಣಕಾಲು ನೋವು. ಮ್ಯಾಲ ಫೋನ್ ಹಚ್ಚಿದ್ರ ನೀ ಗುಳಿಗಿ ಮಾತು ಮುಗಿಸಿ ಎದ್ದ ಹೋಗತಿ.”

ಯಶೋಧಾ ಹಿಟ್ಟು ನಾದುವ ಕೊಣಮಿಗೆಯನ್ನು ನನ್ನ ಕಡೆ ಸರಿಸಿದಳು.

ಮೊಣಕಾಲು ನೋವೆಂದು ಎರಡು ವರ್ಷ ಬಿಟ್ಟಿದ್ದ ರೊಟ್ಟಿಯನ್ನು ಅವತ್ತು ಮತ್ತೆ ಬಡಿದೆ. ನಾಲ್ಕನೆಯದಕ್ಕೆ ಮಗಳ ರೆಪ್ಪೆ ಭಾರವಾಯಿತು. ಏಳನೆಯದಕ್ಕೆ ಫೋನು ಕೈಯಿಂದ ಜಾರಿ ಛತ್ತು ಕಂಡಿತು. ಹನ್ನೊಂದು ರೊಟ್ಟಿಗೆ ಹಿಟ್ಟು ತೀರಿತು. ಕಟ್ ಮಾಡಲು ಬೆರಳು ಎತ್ತಿದೆ. ಬೆರಳಿಗೆ ಮನಸ್ಸಾಗಲಿಲ್ಲ. ಗೋಡೆಗೆ ಆತುಕೊಂಡು ಆ ಛತ್ತನ್ನೇ ನೋಡುತ್ತ ಕೂತೆ. ಒಳ್ಳೆಯ ಛತ್ತು. ಬಿಳಿ ಸುಣ್ಣ ಬಳಿದಿದ್ದಾರೆ.

ಯಾರೋ ನಕ್ಕದ್ದಕ್ಕೆ ಎಚ್ಚರವಾಯಿತು. ಯಶೋಧಾ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಫೋನಿನಲ್ಲಿ ಮಗಳು, ಪೂರಾ ಎಚ್ಚರ, ಕೂದಲು ಕೆದರಿಕೊಂಡು ಎದ್ದು ಕೂತಿದ್ದಳು.

“ಯಾಕವಾ, ಎದ್ದಿ?”

“ನೀ ಹೊಡೆಯೂ ಗೊರಕಿಗೆ ಯಾರಿಗೆ ನಿದ್ದಿ ಬರಬೇಕಬೇ? ಬಾಜೂ ಖೋಲ್ಯಾಕಿ ಬಂದು ಬಾಗಲಾ ಬಡದ್ಲು!”

ತೆರೆಯ ಮೇಲೆ ಅಂಕಿ ನೋಡಿದೆ. ಒಂದು ತಾಸು ಐವತ್ತೆರಡು ನಿಮಿಷ ಹದಿನಾಲ್ಕು ಸೆಕೆಂಡು. ನಮ್ಮ ಬೂತಿನ ಹದಿನೆಂಟು ವರ್ಷದಲ್ಲಿ ಅತ್ತವರಿದ್ದಾರೆ, ಜಗಳಾಡಿದವರಿದ್ದಾರೆ, ಒಬ್ಬ ಹಾಡಿದ್ದೂ ಉಂಟು. ಪರದೇಶಕ್ಕೆ ಗೊರಕೆ ಕಳಿಸಿದವಳು ನಾನೊಬ್ಬಳೇ.

ಕ್ಯಾಬಿನ್ನು ಕೋಳಿಗಳಿಗೆ ವಾಪಸು ಹೋಯಿತು. ಈಗ ದಿನಾ ರೊಟ್ಟಿ ನನ್ನದೇ. ಕಾಯಿದೆ ಮಾತ್ರ ಹೋಗಿಲ್ಲ, ಯಶೋಧಾಳ ಕೈಗೆ ಹೋಗಿದೆ. ಕೊನೆಯ ರೊಟ್ಟಿ ಹಂಚಿನಿಂದ ಇಳಿದ ಮೇಲೆ ಛತ್ತು ನೋಡುತ್ತ ಕೂರಲು ನನಗೆ ಮೂರು ನಿಮಿಷ. ಎರಡು ಐವತ್ತಕ್ಕೆ ಅವಳು ಚಮಚೆಯಿಂದ ಹಿಟ್ಟಿನ ಡಬ್ಬಿಗೆ ಟಕ್ ಟಕ್ ಎನ್ನುತ್ತಾಳೆ.

“ಅತ್ತೀ, ಏಳ್ರಿ. ನಿಮ್ಮ ಕಣ್ಣ ಮುಚ್ಚಾಕ ಹತ್ತ್ಯಾವು.”

ಇನ್ನೊಂದು ನಿಮಿಷ ಎಂದು ಬೇಡಿಕೊಳ್ಳುತ್ತೇನೆ. ಕೊಡುವುದಿಲ್ಲ.